ಕೆಂಪು ಹಿನ್ನೆಲೆ

ಮೊನ್ನೆ ನನ್ನ ಸ್ಟುಡಿಯೋಗೆ ಒಂದು ಹಕ್ಕಿಯ ಫೋಟೊ ಬಂತು. ದೊಡ್ಡದು ಮಾಡಿ ಚೌಕಟ್ಟು ಹಾಕಿ ಕೊಡಬೇಕಂತೆ. ತಂದವರು ಪುತ್ತೂರು ಸುತ್ತಮುತ್ತ ಭಾನುವಾರದ ಪ್ರಕೃತಿ ನಡಿಗೆ ನಡೆಸುವ ಪ್ರಸಾದಣ್ಣ. ಕಡ್ಡಿಯೊಂದರ ಮೇಲೆ ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಮಿಂಚುಳ್ಳಿ, ಕೊಕ್ಕಿನಲ್ಲಿ ಒಂದು ಹಾವುರಾಣಿ, ಹಿಂದೆ ಎಲ್ಲ ನುಣ್ಣನೆಯ ಕೆಂಪು. “ಹಿನ್ನೆಲೆ ಹೇಗೆ ಬಂದಿದೆ ನೋಡಿ ಮಾರಾಯ್ರೆ,” ಎಂದರು. ನೋಡಿದೆ. ನನಗೆ ಮೈಯೆಲ್ಲ ಉರಿದುಹೋಯಿತು. ಯಾಕೆಂದು ನಿಮಗೆ ಹೇಳುತ್ತೇನೆ. ಸ್ವಲ್ಪ ಸುತ್ತಿ ಬಳಸಿ ಹೇಳಿದರೆ ಬೇಸರಿಸಬೇಡಿ. ನೇರವಾಗಿ ಶುರು ಮಾಡಿದರೆ ಬಾಯಿಗೆ ಬರುವುದು ಬೈಗುಳವೇ.

ಹಿನ್ನೆಲೆಯೇ ನನ್ನ ಹೊಟ್ಟೆಪಾಡು. ಮದುವೆ ಫೋಟೊದವನು ನಾನು. ಜಲಪಾತದ ಪರದೆ, ಗುಲಾಬಿ ತೋಟದ ಪರದೆ ಎರಡೂ ನನ್ನಲ್ಲಿ ಉಂಟು. ಅವುಗಳ ಮುಂದೆ ನಿಂತವರಲ್ಲಿ ಅರ್ಧದಷ್ಟು ಜನ ಈಗ ಮೊಮ್ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಪ್ರಸಾದಣ್ಣನ ನಡಿಗೆಗೆ ನಾನು ಸೇರಿದ್ದು ಡಾಕ್ಟರು ನಡೆಯಲು ಹೇಳಿದರು ಎಂದು, ಮತ್ತೆ ಯಾವ ಹಕ್ಕಿಯೂ ಆಲ್ಬಂ ಯಾವಾಗ ಸಿಗುತ್ತದೆ ಎಂದು ಫೋನ್ ಮಾಡುವುದಿಲ್ಲ ಎಂಬ ಆಸೆಯಿಂದ. ನಾನು ತೆಗೆದ ಹಕ್ಕಿ ಚಿತ್ರಗಳಲ್ಲಿ ಕೊಂಬೆ ಬಹಳ ಸ್ಪಷ್ಟವಾಗಿರುತ್ತದೆ. ಹಕ್ಕಿ ಆಗಷ್ಟೇ ಎದ್ದು ಹೋಗಿರುತ್ತದೆ. ಉಳಿದವರು ಹಾಗಲ್ಲ. ಹಕ್ಕಿಗೆ ಕಾಣಬಾರದೆಂದು ಎಲೆ ಬಣ್ಣದ ಅಂಗಿ, ಎಲೆ ಬಣ್ಣದ ಟೊಪ್ಪಿ ಹಾಕಿಕೊಂಡು, ಯಾರ ಲೆನ್ಸ್ ಎಷ್ಟು ಉದ್ದ ಎಂದು ಕುಂಬ್ರ ಪೇಟೆಗೆ ಕೇಳುವ ಹಾಗೆ ಮಾತಾಡುತ್ತಾರೆ.

ಈ ಮಿಂಚುಳ್ಳಿ ಇದ್ದದ್ದು ಬೆಳ್ಳಾರೆ ಹತ್ತಿರ ದೇವಕಿಯಕ್ಕನ ಮನೆಯ ಹಿಂದಿನ ಬರೆಯಲ್ಲಿ. ನಮ್ಮ ಕಡೆ ಗುಡ್ಡ ತಗ್ಗಿಸಿ ಮನೆ ಕಟ್ಟುವುದರಿಂದ ಹಿತ್ತಲಲ್ಲಿ ಗೋಡೆಯ ಹಾಗೆ ಮಣ್ಣು ನಿಂತಿರುತ್ತದೆ, ಅದೇ ಬರೆ. ವರ್ಷಕ್ಕೊಮ್ಮೆ ಅದರ ಹುಲ್ಲು, ಜರೀಗಿಡ ಎಲ್ಲ ಕೆತ್ತಿ ಚೊಕ್ಕ ಮಾಡುವುದು ಪದ್ಧತಿ. ಬಂದ ನೆಂಟರು ಅಡುಗೆ ರುಚಿ ನೋಡುವ ಮೊದಲು ಬರೆ ನೋಡುತ್ತಾರೆ. ಅಂಥ ಕಡೆ ದೇವಕಿಯಕ್ಕ ಬರೆ ಕೆತ್ತುವುದನ್ನೇ ನಿಲ್ಲಿಸಿದ್ದರು. ಮಳೆ ಶುರುವಾಗುವಾಗ ಈ ಹಕ್ಕಿ ಬಂದು ಜರೀಗಿಡದ ಮರೆಯಲ್ಲಿ ಬಿಲದಂಥ ಮಾಟೆ ಕೊರೆದು ಮರಿ ಮಾಡುತ್ತದೆ ಎಂಬ ಒಂದೇ ಕಾರಣಕ್ಕೆ. ನಿಮ್ಮ ಬರೆಗೆ ಯಾಕೆ ಗಡ್ಡ ಬಂದಿದೆ ಎಂದು ನಾದಿನಿ ಚುಚ್ಚಿದರೆ, ಇವರು ತಣ್ಣಗೆ, “ಅಲ್ಲಿ ಬಾಣಂತಿ ಉಂಟು,” ಎನ್ನುತ್ತಿದ್ದರು.

ಅವರ ಮಗಳ ಮದುವೆಯ ಫೋಟೊ ತೆಗೆದವನು ನಾನೇ ಆದ್ದರಿಂದ ಆ ಮನೆಯಲ್ಲಿ ನನಗೆ ಸಲುಗೆ. ಆದರೆ ನಡಿಗೆಯವರನ್ನು ಕರೆದದ್ದು ಅವರೇ, ಹೆಮ್ಮೆಯಿಂದ. ಮೊದಲ ಭಾನುವಾರ ಎಲ್ಲರೂ ಅಡುಗೆಮನೆಯ ಕಿಟಕಿಯಿಂದಲೇ ನೋಡಿ, ಚಾ ಅವಲಕ್ಕಿ ಮುಗಿಸಿ, ಒಳ್ಳೆಯವರ ಹಾಗೆ ಹೊರಟೆವು.

ಮುಂದಿನ ಭಾನುವಾರ ನನಗೆ ಈಶ್ವರಮಂಗಲದಲ್ಲಿ ಮದುವೆ. ಮುಗಿಸಿ ಬೆಳ್ಳಾರೆಗೆ ಬಂದು ನೋಡುತ್ತೇನೆ, ಬರೆ ಬೋಳು. ಮಾಟೆ ಸರಿಯಾಗಿ ಕಾಣಬೇಕೆಂದು ನಡಿಗೆಯವರು ಮನೆಯವರದೇ ಕತ್ತಿ ಕೇಳಿ ತೆಗೆದುಕೊಂಡು ಜರೀಗಿಡ, ಹುಲ್ಲು ಎಲ್ಲ ಬೇರುಸಹಿತ ಕೆರೆದು ಹಾಕಿದ್ದಾರೆ. ಎದುರಿಗೆ ಒಂದು ಕಡ್ಡಿ ನೆಟ್ಟಿದ್ದಾರೆ, ಹಕ್ಕಿ ಬಂದು ಅದರ ಮೇಲೆಯೇ ಕೂರಬೇಕು. ಸುತ್ತ ಎಲೆ ಬಣ್ಣದ ಅಂಗಿಗಳ ಸಂತೆ. ಹಕ್ಕಿ ಬಾಯಲ್ಲಿ ಆಹಾರ ಕಚ್ಚಿಕೊಂಡು ಬರುತ್ತದೆ, ಕಡ್ಡಿಯ ಮೇಲೆ ಕೂತು ಇಷ್ಟು ಜನರನ್ನು ನೋಡುತ್ತದೆ, ಒಳಗೆ ಹೋಗಲು ಹೆದರಿ ಹಾರಿಹೋಗುತ್ತದೆ, ಮತ್ತೆ ಬರುತ್ತದೆ. ಒಳಗೆ ಮರಿಗಳ ಕೂಗು, ಹೊರಗೆ ಕ್ಯಾಮರಾಗಳ ಟಕಟಕ.

ಇದು ಸರಿಯಲ್ಲ, ಮೊದಲು ಎಲ್ಲರೂ ಹಿಂದೆ ಸರಿಯಿರಿ ಎಂದೆ. ಪ್ರಸಾದಣ್ಣ ನಕ್ಕು, “ನೀವು ಮದುಮಗಳ ಜಡೆ ಸರಿ ಮಾಡುದಿಲ್ವಾ? ಇದೂ ಹಾಗೆಯೇ,” ಎಂದರು. ಎಲ್ಲರೂ ನಕ್ಕರು. ನನಗೆ ಉತ್ತರ ಹೊಳೆದದ್ದು ಎಂದಿನಂತೆ ವಾಪಸು ಬರುವ ಬಸ್ಸಿನಲ್ಲಿ. ಮದುಮಗಳನ್ನು ನಾನು ಕೇಳಿಯೇ ಮುಟ್ಟುತ್ತೇನೆ ಸ್ವಾಮಿ, ಬೇಡವೆಂದರೆ ಬಿಡುತ್ತೇನೆ! ದೇವಕಿಯಕ್ಕ ಹಿತ್ತಲ ಬಾಗಿಲಲ್ಲಿ ಚಾದ ತಟ್ಟೆ ಹಿಡಿದು ನಿಂತಿದ್ದರು. ನೀವಾದರೂ ಒಂದು ಮಾತು ಗದರಿಸಿ ಎಂದರೆ, “ಮನೆಗೆ ಬಂದವರಿಗೆ ಹೋಗಿ ಅಂತ ಹೇಗೆ ಹೇಳುದು?” ಎಂದರು. ಆ ಸಂಕೋಚವನ್ನು ಅವರೆಲ್ಲ ಅವಲಕ್ಕಿಯ ಜೊತೆಗೇ ತಿಂದು ಮುಗಿಸಿದ್ದರು.

ಎರಡು ದಿನ ಬಿಟ್ಟು ಜೋರು ಮಳೆ. ಹಿಡಿದುಕೊಳ್ಳಲು ಒಂದು ಬೇರೂ ಇಲ್ಲದ ಬರೆ ಜರಿದು ಬಿತ್ತು. ದೇವಕಿಯಕ್ಕ ಮೊದಲು ಫೋನ್ ಮಾಡಿದ್ದು ಪ್ರಸಾದಣ್ಣನಿಗೆ. ಹಕ್ಕಿ ವಿಷಯ ಏನಿದ್ದರೂ ತಿಳಿಸಿ ಎಂದು ನಂಬರು ಕೊಟ್ಟು ಹೋಗಿದ್ದರಲ್ಲ. ಆಮೇಲೆ ನನಗೆ ಮಾಡಿದರು. “ಅವರು ಬಂದ್ರು. ಫೋಟೊ ತೆಗೆದ್ರು. ಇದು ಪ್ರಕೃತಿ ನಿಯಮ ಅಕ್ಕ ಅಂತ ಹೇಳಿ ಹೋದ್ರು. ಹಕ್ಕಿ ಇನ್ನೂ ಬಾಯಲ್ಲಿ ತಿಂಡಿ ಹಿಡ್ಕೊಂಡು ಕೂತಿದೆ. ಎಂತ ಮಾಡುದು ನಾನು?”

ಅಂಗಡಿ ಮುಚ್ಚಿ ಓಡಿದೆ. ಅಷ್ಟರಲ್ಲಿ ದೇವಕಿಯಕ್ಕ ಬರಿಗೈಯಲ್ಲೇ ಮಣ್ಣು ಬಗೆದಿದ್ದರು. ಉಗುರುಗಳ ಸಂದಿಯೆಲ್ಲ ಕೆಂಪು ಮಣ್ಣು. ಇಬ್ಬರೂ ಸೇರಿ ಬಗೆದೆವು. ಮಾಟೆಯ ಜಾಗವೇ ಗುರುತು ಸಿಗಲಿಲ್ಲ. ಹಕ್ಕಿ ಕಡ್ಡಿಯ ಮೇಲೆ ಕೂತು ಜರಿದ ಮಣ್ಣನ್ನೇ ನೋಡುತ್ತಿತ್ತು. ಪ್ರಕೃತಿ ನಿಯಮವಂತೆ. ಯಾವ ಪ್ರಕೃತಿ ಕತ್ತಿ ಕೇಳಿ ತೆಗೆದುಕೊಂಡು ಬರೆ ಕೆರೆಯುತ್ತದೆ? ಯಾವ ಪ್ರಕೃತಿ ಚಾ ಕುಡಿದು ಲೋಟ ಕೆಳಗಿಟ್ಟು ಹೋಗುತ್ತದೆ?

ಈಗ ಮೊನ್ನೆ ನನ್ನ ಮೇಜಿನ ಮೇಲಿಟ್ಟ ಫೋಟೊಗೆ ಬನ್ನಿ. ಕೆರೆದ ಭಾನುವಾರ ತೆಗೆದದ್ದಾಗಿದ್ದರೆ ಹಿಂದೆ ಬರೆಯಲ್ಲಿ ಬೇರು ಕಿತ್ತ ಕಲೆ ಇರಬೇಕಿತ್ತು, ಮಾಟೆಯ ಕಪ್ಪು ಬಾಯಿ ಇರಬೇಕಿತ್ತು. ಇಲ್ಲಿರುವುದು ಮಳೆಗೆ ಜರಿದ ಮಣ್ಣಿನ ಹಸಿ ಕೆಂಪು.

ಪ್ರಸಾದಣ್ಣ ಇದನ್ನು ಒಂದು ಪ್ರದರ್ಶನಕ್ಕೆ ಕಳಿಸುವವರಿದ್ದರು. ಕೆಳಗೆ ‘ತಾಯ್ತನ’ ಎಂದು ಬರೆಯಬೇಕು, ಅಕ್ಷರ ಸ್ವಲ್ಪ ದೊಡ್ಡದಿರಲಿ ಎಂದರು. ಈ ಫೋಟೊ ನಾನು ಮಾಡಿಕೊಡುವುದಿಲ್ಲ ಎಂದೆ. ಬಂದ ಗಿರಾಕಿಗೆ ಇಲ್ಲ ಎಂದದ್ದು ಇದೇ ಮೊದಲು. ನನ್ನ ಸ್ವರ ನನಗೇ ಬೇರೆಯವರದ್ದೆನಿಸಿತು. ಅವರಿಗೆ ಅರ್ಥವಾಗಲಿಲ್ಲ.

“ಯಾಕೆ, ಫೋಟೊ ಚಂದ ಬರ್ಲಿಲ್ವಾ?”

“ಚಂದ ಉಂಟು,” ಎಂದೆ. “ಆ ಕೆಂಪಿನ ಒಳಗೆ ಮರಿಗಳು ಉಂಟು.”

ಅವರು ಫೋಟೊವನ್ನು ಇನ್ನೊಮ್ಮೆ, ಕಣ್ಣಿನ ಹತ್ತಿರ ಹಿಡಿದು ನೋಡಿದರು. ಮತ್ತೆ ಲಕೋಟೆಗೆ ಹಾಕಿಕೊಂಡು, ಎದುರಿನ ಸ್ಟುಡಿಯೋದ ಮೆಟ್ಟಿಲು ಹತ್ತಿದರು.