ಮೇಲಿನ ಸಾ

ನನ್ನ ದನಿ ಹೋದಾಗ ಮನೆಯಲ್ಲಿ ಎಲ್ಲರೂ ಮರುಗಿದರು. ಆದರೆ ಅದು ಬೇಗ ಬರಲಿ ಎಂದು ಯಾರೂ ಅವಸರ ಮಾಡಲಿಲ್ಲ. ದೂರುತ್ತಿಲ್ಲ, ಅರ್ಥ ಮಾಡಿಕೊಂಡೇ ಹೇಳುತ್ತಿದ್ದೇನೆ. ಬೆಳಿಗ್ಗೆ ಚಹಾದ ಸಕ್ಕರೆಯಿಂದ ವಾದ ಶುರು ಮಾಡಿ, ಮಲಗುವ ಹೊತ್ತಿಗೆ ಆತ್ಮ ಇದೆಯೋ ಇಲ್ಲವೋ ಎಂಬಲ್ಲಿಗೆ ಬಂದು ಮುಟ್ಟುವ ಮಗಳಿರುವ ಮನೆಯಲ್ಲಿ, ನಾಲ್ಕು ದಿನದ ಮೌನ ಹಬ್ಬದ ರಜೆಯ ಹಾಗೆ ಬಂದಿರಬೇಕು.

ಪರೀಕ್ಷಿಸದೆ ಏನನ್ನೂ ನಂಬಬೇಡ ಎಂದು ಹೇಳಿಕೊಟ್ಟ ಮನೆ ನಮ್ಮದು. ಕಾಗವಾಡದ ನಮ್ಮ ಪಡಸಾಲೆಯ ಗೋಡೆಯ ಮೇಲೆ ಬುದ್ಧನ ಪಟವಿದೆ. ಕನ್ನಡ ಶಾಲೆಯ ಮಾಸ್ತರರಾದ ಅಪ್ಪ ಅದರ ಕೆಳಗೆ ಕೂತು ನನಗೆ ಪ್ರಶ್ನೆ ಕೇಳುವುದನ್ನು ಕಲಿಸಿದರು. ಎಲ್ಲಿ ನಿಲ್ಲಿಸಬೇಕೆಂಬುದನ್ನು ಕಲಿಸಲು ಮರೆತರು. ಹೀಗಾಗಿ ಕಾಲೇಜಿಗೆಂದು ದಿನಾ ಅಥಣಿ ಬಸ್ಸು ಹತ್ತತೊಡಗಿದ ಮೇಲೆ ನಾನು ಚರ್ಚಾಸ್ಪರ್ಧೆಗಳ ಕಪ್ಪುಗಳನ್ನು ಮನೆಗೆ ತರುವವಳಾದೆ. ಅವ್ವ ಅವುಗಳಲ್ಲಿ ಗುಂಡಿ, ಸೂಜಿ, ದಾರ ಇಡುವವಳಾದಳು.

ಆ ವರ್ಷದ ಚಳಿಗಾಲದಲ್ಲಿ ಚಿಕ್ಕೋಡಿಯಲ್ಲೊಂದು ಸ್ಪರ್ಧೆ. ಯಂತ್ರ ಮನುಷ್ಯನ ಮಿತ್ರನೋ ಶತ್ರುವೋ ಎಂಬುದು ವಿಷಯ. ನಾನು ಮಿತ್ರ ಎನ್ನುವ ಕಡೆ. ಯಂತ್ರವನ್ನು ಹೊಗಳಿ ಹೊಗಳಿ ಅಟ್ಟಕ್ಕೇರಿಸಿದ ಹೊತ್ತಿಗೇ ಮೈಕು ಸತ್ತುಹೋಯಿತು. ಬುದ್ಧಿವಂತರಾದರೆ ಅಲ್ಲಿಗೆ ಸೋಲೊಪ್ಪಿ ಕೂತುಬಿಡುತ್ತಿದ್ದರು. ನಾನು ಕೊನೆಯ ಬೆಂಚಿಗೂ ಕೇಳಲೆಂದು ಗಂಟಲು ಹರಿಯುವಂತೆ ಒದರಿ ಯಂತ್ರದ ಮಾನ ಉಳಿಸಿದೆ. ಕಪ್ಪು ಬಂತು. ಮರುದಿನ ಬೆಳಿಗ್ಗೆ ಬಾಯಿ ತೆರೆದರೆ, ಎಣ್ಣೆ ಕಾಣದ ಬಾಗಿಲು ತೆರೆದ ಸದ್ದು.

ಮೀರಜಿನ ಗಂಟಲು ಡಾಕ್ಟರರು ಕನ್ನಡಿ ಹಾಕಿ ನೋಡಿದರು. ದನಿಯ ತಂತುಗಳ ಮೇಲೆ ಬಾವು ಬಂದಿದೆ, ಮಾತು ಪೂರ್ತಿ ಬಂದ್, ಪಿಸುಮಾತಂತೂ ಇನ್ನೂ ಕೆಟ್ಟದ್ದು ಎಂದರು. ಬೆಳಗಾವಿಗೆ ಹೋಗಿ ವಕೀಲಿ ಓದಬೇಕೆಂದಿರುವ ಹುಡುಗಿ ಇವಳು, ದನಿ ಮೊದಲಿನಂತೆ ಬರುತ್ತದೆಯೇ ಎಂದು ಅಪ್ಪ ಕೇಳಿದರು. ಡಾಕ್ಟರರು ಕೈ ಒರೆಸಿಕೊಳ್ಳುತ್ತ, “ಬರ್ಬೇಕ್ರಿ. ಆದ್ರ ಬಂದ ಮ್ಯಾಲೂ ಹಿಂಗ ಒದರಿದ್ರ, ಮುಂದಿಂದು ನಾ ಹೇಳಾಂಗಿಲ್ಲ,” ಎಂದರು. ನನ್ನ ಜೀವಮಾನದಲ್ಲಿ ಮರುಪ್ರಶ್ನೆ ಕೇಳಲೇಬೇಕಾದ ಮಾತು ಅದೊಂದೇ. ಅದನ್ನು ಕೇಳುವ ಹಾಗಿರಲಿಲ್ಲ.

ಅಪ್ಪ ಶಾಲೆಯಿಂದ ಒಂದು ಪಾಟಿ, ಒಂದಿಷ್ಟು ಬಳಪ ತಂದುಕೊಟ್ಟರು. ಪಾಟಿಯ ಮೇಲೆ ವಾದ ಮಾಡಿ ನೋಡಿದವರಿಗೆ ಅದರ ಸಂಕಟ ಗೊತ್ತು: ಎದುರಿನವರು ಕಣ್ಣು ಮುಚ್ಚಿಕೊಂಡರೆ ಮುಗಿಯಿತು. ಪಕ್ಕದ ಮನೆಯ ಅಕ್ಕಾತಾಯಿ ಬಂದು ಅವ್ವನ ಹೊಲಿಗೆ ಮಷಿನ್ನಿನ ಹತ್ತಿರ ಕೂತು, “ಈಗ ಚೊಲೋ ವ್ಯಾಳ್ಯಾ ಐತಿ ನೋಡ. ಐಗಳಿ ಕಡೆ ಒಂದು ಹುಡುಗ ಐತಿ. ಹುಡುಗಿ ಸುಮ್ಮನ ಕುಂತಾಗನ ತೋರಿಸಿ ಮುಗಿಸಿಬಿಡ್ರಿ,” ಎಂದಳು. ನಾನು ಉರಿದುಹೋಗಿ ಪಾಟಿಯ ತುಂಬ ಉತ್ತರ ಬರೆದು ಅವಳ ಮುಖಕ್ಕೆ ಹಿಡಿದೆ. ಅಕ್ಕಾತಾಯಿ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು, “ನನಗ ಓದಾಕ ಬರೂದಿಲ್ಲವಾ. ಅಕ್ಷರ ಮಾತ್ರ ಮುತ್ತಿನಂಗ ಅದಾವ ಬಿಡು,” ಎಂದು ನನ್ನ ಗದ್ದ ಹಿಡಿದು ಮುದ್ದು ಮಾಡಿದಳು.

ಮನೆಯ ಇನ್ನರ್ಧ ಭಾಗದಲ್ಲಿ ಅಪ್ಪನ ತಮ್ಮ, ಶಾಮು ಕಾಕಾ, ಒಬ್ಬನೇ ಇದ್ದ. ಅಥಣಿ–ಮೀರಜ ಬಸ್ಸಿನ ಕಂಡಕ್ಟರ್. ಏಪ್ರಿಲ್ ತಿಂಗಳ ಜಯಂತಿ ಬಂತೆಂದರೆ ನಮ್ಮ ಓಣಿಯ ಹಾಡಿನ ಪಾರ್ಟಿಯಲ್ಲಿ ಅವನದೇ ಗಿಟಾರು. ಮೊದಲು ಗುಂಡಿ ಒತ್ತುವ ಬ್ಯಾಂಜೋ ಬಾರಿಸುತ್ತಿದ್ದವನು ಮೀರಜಿನಲ್ಲಿ ಒಂದು ಹಳೆಯ ಗಿಟಾರು ಸಿಕ್ಕಿತೆಂದು ಪಕ್ಷಾಂತರ ಮಾಡಿದ್ದ. ಡ್ಯೂಟಿ ಮುಗಿಸಿ ಬಂದವನೇ ಖಾಕಿ ಅಂಗಿ ಗೂಟಕ್ಕೆ ಹಾಕಿ, ಗಿಟಾರು ತೊಡೆಗೇರಿಸಿ ಸ್ಕೇಲು ಬಾರಿಸುತ್ತಿದ್ದ. ಹಾಡಲ್ಲ, ಬರೀ ಸ್ಕೇಲು. ಸಾ ರಿ ಗ ಮ ಮೇಲೆ, ಮತ್ತೆ ಅದೇ ಕೆಳಗೆ. ದನಿ ಇದ್ದ ಕಾಲದಲ್ಲಿ ನಾನು ಗೋಡೆಯಾಚೆಯಿಂದಲೇ ಜಗಳ ತೆಗೆಯುತ್ತಿದ್ದೆ.

“ಮೆಟ್ಟಿಲು ಹತ್ತಿ ಅದೇ ಮೆಟ್ಟಿಲು ಇಳದ್ರ ಎಲ್ಲಿಗೆ ಹೋದಂಗಾತೋ ಕಾಕಾ?”

“ನಾ ದಿನಾ ಅಥಣಿಯಿಂದ ಮೀರಜಕ್ಕ ಹೋಗಿ ಅಥಣಿಗೇ ಬರತೀನಿ. ಸರಕಾರ ಅದಕ್ಕ ಪಗಾರ ಕೊಡತೈತಿ ಹೌದಲ್ಲೋ?”

ಈಗ ಅವ್ವ ಅವನ ಬಾಗಿಲಿಗೆ ನನ್ನನ್ನು ದಬ್ಬಿಕೊಂಡು ಹೋಗಿ, “ಇಕಿಗೆ ಏನರ ಕಲಸೋ ಶಾಮು. ಸುಮ್ಮನ ಕುಂತು ಗ್ವಾಡಿ ನೋಡಾಕತ್ತಾಳ,” ಎಂದಾಗ ಕಾಕಾನ ಮುಖ ಅರಳಿದ ರೀತಿ ನೋಡಬೇಕಿತ್ತು. “ಬಾರವಾ ವಕೀಲವ್ವಾ. ಇಷ್ಟು ದಿನಕ್ಕ ಒಂದು ಚೊಲೋ ಶಿಷ್ಯಾ ಸಿಕ್ಕಂಗಾತು. ಎದುರು ಮಾತಿಲ್ಲ.”

ಆ ಗಿಟಾರಿನದೇ ಒಂದು ಕತೆ. ಅದರ ತಂತಿಗಳು ಹಾದು ಬರುವ ಎಲುಬಿನ ಪಟ್ಟಿ, ಅಂದರೆ ಕುದುರೆ, ಸೀಳಿತ್ತು. ಮೀರಜಿನಲ್ಲಿ ತಂಬೂರಿ ಮಾಡುವವರ ಓಣಿಯಿದೆ. ಕಾಕಾ ಅಲ್ಲೊಬ್ಬ ಮುದುಕನಿಗೆ ಅದನ್ನು ಒಪ್ಪಿಸಿ ಬಂದಿದ್ದ. ಮುದುಕ ಹೊಸ ಕುದುರೆ ಕೂರಿಸಿದ. ಆದರೆ ಕೈಗೆ ರೂಢಿಯಾದ ರೀತಿಯಲ್ಲೇ, ತಂಬೂರಿಯ ಕುದುರೆಯಂತೆ ಅಗಲವಾಗಿ ಇಳಿಜಾರಾಗಿ ಉಜ್ಜಿ ಕೂರಿಸಿದ. ಗಿಟಾರಿನ ಆರೂ ತಂತಿಗಳು ತಂಬೂರಿಯಂತೆ ಜುಂಯ್ ಎನ್ನತೊಡಗಿದವು. ಕಾಕಾ ಜಗಳಕ್ಕೆ ಹೋದರೆ, ಮುದುಕ ಮರಾಠಿಯಲ್ಲಿ, “ಆವಾಜ್ ಬಂದ್ ಹೋತಾ, ಮೀ ಉಘಡ್ಲಾ,” ಎಂದನಂತೆ. ದನಿ ಮುಚ್ಚಿತ್ತು, ನಾನು ತೆರೆದೆ. ಅವನ ಪ್ರಕಾರ ಅದು ಉಪಕಾರ. “ಹಾಡಿಗೆ ಬಾರಿಸಿದ್ರ ಜೇನು ಎದ್ದಂಗ ಆಗತೈತಿ. ಜಯಂತಿ ಒಳಗ ಬದಲು ಮಾಡಸಬೇಕು,” ಎಂದು ಕಾಕಾ ಗೊಣಗುತ್ತಲೇ ಅದನ್ನು ನನ್ನ ತೊಡೆಗಿಟ್ಟ.

ಗಿಟಾರು ಕಲಿಸುವ ಪುಸ್ತಕಗಳಲ್ಲಿ ಕೈ ಒಂದೆಡೆ ನಿಲ್ಲುತ್ತದೆ, ಬೆರಳು ತಂತಿಯಿಂದ ತಂತಿಗೆ ಹೋಗುತ್ತದೆ. ಕಾಕಾನದು ಬ್ಯಾಂಜೋದ ಬುದ್ಧಿ. ಒಂದೇ ತಂತಿ, ಆ ತುದಿಯಿಂದ ಈ ತುದಿಗೆ ಪ್ರಯಾಣ. ಬೆರಳಿಡದೆ ಮೀಟಿದರೆ ಸಾ. ತಂತಿಯ ಕೆಳಗಿನ ಅಡ್ಡಗೆರೆಗಳಲ್ಲಿ ಎರಡು ಮೆಟ್ಟು ಮುಂದೆ ಹೋದರೆ ರಿ, ಇನ್ನೆರಡು ಹೋದರೆ ಗ. ಅಲ್ಲಿಂದ ಒಂದೇ ಮೆಟ್ಟು, ಮ. ನಾನು ತಕ್ಷಣ ಬಳಪ ಹಿಡಿದೆ: ‘ಇಲ್ಲಿ ಒಂದೇ ಯಾಕ?’ ಕಾಕಾ ಓದಿ ತಲೆ ಕೆರೆದುಕೊಂಡ. “ನಾ ಇಟ್ಟಿಲ್ಲವಾ. ಹಿಂದಿನವ್ರು ಇಟ್ಟಾರ. ಅಲ್ಲೊಂದು ರಿಕ್ವೆಸ್ಟ್ ಸ್ಟಾಪ್ ಇದ್ದಿರಬೇಕು,” ಎಂದು ಕಣ್ಣು ಮುಚ್ಚಿಬಿಟ್ಟ.

ಬೆರಳ ತುದಿಗಳು ಮೊದಲು ಕೆಂಪಾದವು, ಆಮೇಲೆ ಗಟ್ಟಿಯಾದವು. ತಕರಾರು ಮಾಡದೆ ನಾನು ಯಾವ ಕೆಲಸವನ್ನೂ ಅಷ್ಟು ದಿನ ಮಾಡಿದವಳಲ್ಲ. ಆದರೂ ಒಂದು ಮಧ್ಯಾಹ್ನ ಮನಸ್ಸು ತಡೆಯದೆ ಅವ್ವನ ಹೊಲಿಗೆಯ ಟೇಪು ಕದ್ದು ತಂದು ತಂತಿಯನ್ನು ಅಳೆದೆ. ಕಾಕಾ ‘ಮೇಲಿನ ಸಾ’ ಎನ್ನುವ ಮೆಟ್ಟು ತಂತಿಯ ನಟ್ಟನಡುವೆ ಇತ್ತು. ಹೆಚ್ಚಲ್ಲ, ಕಡಿಮೆಯಲ್ಲ, ಅರ್ಧ. ಅರ್ಧ ಮಾಡಿದ ರೊಟ್ಟಿ ಅರ್ಧ ರೊಟ್ಟಿಯಾಗುತ್ತದೆ. ಅರ್ಧ ಮಾಡಿದ ತಂತಿಯೋ ಮತ್ತೆ ಅದೇ ಸಾ ಆಗಿ, ಚಿಕ್ಕವಳಾಗಿ, ಮೇಲೆ ಕೂತು ನಗುತ್ತದೆ. ಮೆಟ್ಟುಗಳ ನಡುವಿನ ಅಂತರವೂ ಮೇಲೆ ಹೋದಂತೆ ಕಿರಿದಾಗುತ್ತ ಬಂತು. ಟೇಪು ಕಿರಿದು ಎನ್ನುತ್ತದೆ, ಕಿವಿ ಸಮ ಎನ್ನುತ್ತದೆ. ಇಬ್ಬರೂ ಪ್ರಾಮಾಣಿಕ ಸಾಕ್ಷಿಗಳು. ಇಂಥ ಮೊಕದ್ದಮೆ ನಾನು ಯಾವ ವೇದಿಕೆಯಲ್ಲೂ ನೋಡಿರಲಿಲ್ಲ. ಹಳಬರು ಇದನ್ನು ತಂತಿ ಬಿಗಿದು, ಕೇಳಿ, ಮತ್ತೆ ಬಿಗಿದು ಕಂಡುಕೊಂಡಿರಬೇಕು ಎಂದು ನೆನೆದರೆ ಮೈ ಜುಮ್ಮೆನ್ನುತ್ತದೆ. ಜಗತ್ತಿನ ಬೆನ್ನೆಲುಬನ್ನು ಕತ್ತಲಲ್ಲಿ ಮುಟ್ಟಿ ನೋಡಿದವರು ಅವರು.

ನಿಜವಾದ ಏಟು ಬಿದ್ದದ್ದು ಆಮೇಲೆ. ಕಾಕಾ ಡ್ಯೂಟಿಗೆ ಹೋಗಿದ್ದ. ನಾನು ಸಾ ಮೀಟಿ ಬೆರಳಿಗೆ ವಿಶ್ರಾಂತಿ ಕೊಡುತ್ತ ಸುಮ್ಮನೆ ಕೇಳುತ್ತಿದ್ದೆ. ಆ ಜುಂಯ್ ಸದ್ದು ಸಾಯುವಾಗ ಅದರೊಳಗಿಂದ ಬೇರೊಂದು ದನಿ ಎದ್ದಿತು. ತೆಳ್ಳಗೆ, ಎತ್ತರದಲ್ಲಿ, ಬಿಸಿಲಲ್ಲಿ ಜೇಡನ ನೂಲು ಹೊಳೆದ ಹಾಗೆ. ಅದು ಗ. ನಾನು ನುಡಿಸದ ಗ. ಪಕ್ಕದ ಮನೆಯ ರೇಡಿಯೋ ಇರಬೇಕೆಂದು ಎದ್ದು ಹೋಗಿ ನೋಡಿ ಬಂದೆ, ಕರೆಂಟೇ ಇರಲಿಲ್ಲ. ಉಳಿದ ಐದು ತಂತಿಗಳನ್ನು ಅಂಗೈಯಿಂದ ಒತ್ತಿ ಹಿಡಿದು ಮತ್ತೆ ಮೀಟಿದೆ. ಮತ್ತೆ ಬಂತು. ಕಿಟಕಿ ಮುಚ್ಚಿದೆ, ಬಂತು. ನನ್ನ ಸಂಶಯಗಳೆಲ್ಲ ಒಂದೊಂದಾಗಿ ಪಾಟಿ ಸವಾಲಿಗೆ ನಿಂತು, ಒಂದೊಂದಾಗಿ ಬಿದ್ದುಹೋದವು. ಸಾ ಎಂದುಕೊಂಡಿದ್ದ ಆ ಒಂದು ದನಿಯ ಹೊಟ್ಟೆಯಲ್ಲೇ ಗ ಇತ್ತು, ಮೊದಲಿನಿಂದಲೂ ಇತ್ತು, ಮುದುಕನ ಆ ತಪ್ಪು ಕುದುರೆ ಇರದಿದ್ದರೆ ನನಗೆ ಕೇಳುತ್ತಿರಲಿಲ್ಲ. ಮತ್ತು, ಹೇಳಿಬಿಡುತ್ತೇನೆ, ನಾನು ಮಾತಾಡುತ್ತಿದ್ದರೂ ಕೇಳುತ್ತಿರಲಿಲ್ಲ.

ಸಂಜೆ ಕಾಕಾ ಬಂದೊಡನೆ ಅವನನ್ನು ಕೂರಿಸಿ ಮೀಟಿದೆ. “ಏನು ಕೇಳೂದು? ಜುಂಯ್ ಅನಾಕತ್ತೈತಿ,” ಎಂದ. ನಾನು ಬಾಯಿಗೆ ಬೆರಳಿಟ್ಟು ತೋರಿಸಿದೆ. ಇಡೀ ದಿನ ಸೀಟಿ ಊದಿ, ಒದರಿ ಬಂದವನು ಮೊದಲ ಸಲ ಸುಮ್ಮನಾದ. ಮೂರನೆಯ ಸಲ ಮೀಟಿದಾಗ ಅವನ ಹುಬ್ಬು ಮೇಲೇರಿತು. “ಅಬಬಬ,” ಎಂದ ಮೆಲ್ಲಗೆ. ಕುದುರೆಯನ್ನು ಬೆರಳಿಂದ ಸವರುತ್ತ, “ಮುದುಕನ್ನ ಸುಮ್ಮನ ಬೈದೆ,” ಎಂದ. ನಾನು ಪಾಟಿಯ ಮೇಲೆ ಇನ್ನೊಂದು ಬಾಂಬು ಬರೆದಿದ್ದೆ: ‘ಈ ಗ, ಮೆಟ್ಟಿನ ಗಕ್ಕಿಂತ ಒಂದು ಕೂದಲು ಕೆಳಗ ಐತಿ. ಯಾವುದು ಖರೆ?’ ಕಾಕಾ ಎರಡನ್ನೂ ಕೇಳಿದ, ಮತ್ತೆ ಕೇಳಿದ. “ಮೆಟ್ಟಿಂದು ಡೆಪೋದ ಟಾಯಮು. ತಂತೀದು ಬಸ್ಸಿನ ಟಾಯಮು. ಎರಡೂ ಖರೆ,” ಎಂದು ತೀರ್ಪು ಕೊಟ್ಟ.

ಡಾಕ್ಟರರು ಎರಡನೆಯ ಸಲ ಕನ್ನಡಿ ಹಾಕಿ ನೋಡಿ, ಬಾವು ಇಳಿದಿದೆ, ಮಾತು ಬೇಡ, ಬಾಯಿ ಮುಚ್ಚಿ ಗುನುಗಬಹುದು, ಕೆಳಗಿನ ದನಿಯಿಂದ ಶುರು ಮಾಡಿ ನೋವಾದರೆ ನಿಲ್ಲಿಸಬೇಕು ಎಂದರು. ಮನೆಗೆ ಬಂದು ಗಿಟಾರಿನ ಮುಂದೆ ಕೂತೆ. ಬಾಗಿಲಲ್ಲಿ ಅವ್ವ ನಿಂತಿದ್ದಳು. ಅವಳ ಹೆಗಲ ಮೇಲಿನಿಂದ ಅಕ್ಕಾತಾಯಿ. ಕಾಕಾ ಸಾ ಮೀಟಿದ. ನಾನು ತುಟಿ ಮುಚ್ಚಿ ಎದೆಯಿಂದ ಸ್ವಲ್ಪವೇ ದನಿ ಬಿಟ್ಟೆ. ಏನೋ ಒಂದು ಬಂತು, ನಡುಗುತ್ತ, ಬಂದು ತಂತಿಯ ಜುಂಯ್‌ನೊಳಗೆ ಹೊಕ್ಕು ಕಾಣದಾಯಿತು. ನನ್ನ ದನಿ ಯಾವುದು, ತಂತಿಯದು ಯಾವುದು ಎಂದು ನನಗೇ ತಿಳಿಯಲಿಲ್ಲ. ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು.

“ಇಷ್ಟು ಕೆಳಗ ನೀ ಎಂದರ ಮಾತಾಡೀಯೇನು?” ಎಂದ ಕಾಕಾ. “ನೀ ಹುಟ್ಟಿದಾಗಿಂದ ಮೇಲಿನ ಸಾದಾಗನ ಕುಂತು ಒದರಾಕತ್ತಿ. ನಾ ದಿನಾ ಮೀರಜ ಮೀರಜ ಅಂತ ಒದರತೀನಿ, ನನ್ನ ಗಂಟಲಕ್ಕ ಏನಾಗೇತಿ? ನಾ ನನ್ನ ಸಾದಾಗ ಒದರತೀನಿ.” ಇದಕ್ಕೆ ಪುರಾವೆ ಏನು ಎಂದು ಬರೆಯಹೋದೆ. ನಂತರದ ದಿನಗಳಲ್ಲಿ ಬಸ್‌ಸ್ಟ್ಯಾಂಡಿಗೆ ಹೋಗಿ ನಿಂತು ಕೇಳಿದೆ ಕೂಡ. ಹೌದು, ಕಾಕಾನ ‘ಮೀರಜ’ ಪ್ರತಿ ಸಲವೂ ಒಂದೇ ದನಿಯಲ್ಲಿ ಬರುತ್ತಿತ್ತು. ಆದರೆ ಆ ದನಿ ಸಾ ಅಲ್ಲ, ಪ. ಸಂಜೆ ಅದನ್ನು ಪಾಟಿಯ ಮೇಲೆ ದೊಡ್ಡದಾಗಿ ಬರೆದು ಅವನ ಬಾಗಿಲಿಗೆ ಒರಗಿಸಿ ಬಂದೆ.

ದಿನ ಕಳೆದಂತೆ ರಿ ಬಂತು, ಗ ಬಂತು. ಮ ಒಂದೇ ಮೆಟ್ಟಿನ ದಾರಿಯಾದರೂ ಅಲ್ಲಿಗೆ ಹೋಗಲು ಅಂಜಿ ಮೂರು ದಿನ ಗದಲ್ಲೇ ವಸತಿ ಮಾಡಿದೆ. ಹತ್ತುವುದೂ ಇಳಿಯುವುದೂ ವ್ಯರ್ಥ ಎಂದಿದ್ದವಳು, ಒಂದೊಂದು ಮೆಟ್ಟನ್ನೂ ಕೈಯಿಂದ ತಡವಿ, ದನಿಯಿಂದ ತಡವಿ, ಕಳೆದುಹೋದ ಸಾಮಾನು ಸಿಕ್ಕಿತೇ ಎಂದು ನೋಡುತ್ತ ಹತ್ತಿದೆ. ಶೆಡ್ಡುಗಳಲ್ಲಿ ದ್ರಾಕ್ಷಿ ಒಣಗಿ ಮಣೂಕು ಆಗುವ ಹೊತ್ತಿಗೆ ನಿ ತನಕ ಬಂದಿದ್ದೆ. ಮೇಲಿನ ಸಾ ಮಾತ್ರ ಒಲಿಯಲಿಲ್ಲ. ಗಂಟಲು ಅಲ್ಲಿಗೆ ಹೋಗುತ್ತಲೇ ಚಿಕ್ಕೋಡಿಯ ಸಭಾಂಗಣ ನೆನಪಾಗಿ ಮುಚ್ಚಿಕೊಳ್ಳುತ್ತಿತ್ತು.

ಜಯಂತಿ ಬಂತು. ಶಾಲೆಗೆ ಹೋಗುವ ವಯಸ್ಸಿನಿಂದ ಪ್ರತಿ ವರ್ಷ ಆ ವೇದಿಕೆಯಲ್ಲಿ ನನ್ನ ಭಾಷಣ ಇದ್ದೇ ಇರುತ್ತಿತ್ತು. ಡಾಕ್ಟರರು ಐದು ನಿಮಿಷಕ್ಕೆ ಒಪ್ಪಿದ್ದರು, ಒದರಬಾರದೆಂಬ ಕರಾರಿನ ಮೇಲೆ. ನೀಲಿ ಪತಾಕೆಗಳ ಕೆಳಗೆ ನಿಂತಾಗ, ಹಿಂದಿನ ಸಾಲಿನ ಗದ್ದಲ ಕೇಳಿ ನನ್ನ ಹಳೆಯ ಗಂಟಲು ತಾನಾಗಿಯೇ ಒದರಲು ಸಜ್ಜಾಯಿತು. ಆಗ ಬೆನ್ನ ಹಿಂದೆ, ಹಾಡಿನ ಪಾರ್ಟಿಯ ನಡುವಿನಿಂದ, ಜುಂಯ್ ಎಂದು ಸಾ ಕೇಳಿತು. ಕಾಕಾ ಕುದುರೆ ಬದಲಾಯಿಸಿರಲಿಲ್ಲ. ಕಣ್ಣು ಮುಚ್ಚಿಕೊಂಡು ಮೀಟುತ್ತಿದ್ದ.

ಇವಳು ಹಾಡುತ್ತಾಳೆಂದು ಜನ ತಿಳಿದರು. ನಾನು ಆ ಸಾದ ಮೇಲೆ ಕಾಲೂರಿ ಮಾತು ಶುರು ಮಾಡಿದೆ. ತಂಬೂರಿ ಹಿಡಿದು ಭಾಷಣ ಮಾಡಿದವರು ನನಗಿಂತ ಮೊದಲು ಇದ್ದರೋ ಇಲ್ಲವೋ, ವಿಚಾರಿಸಬೇಕು. ಹಿಂದಿನ ಸಾಲಿನವರು ಸ್ವಲ್ಪ ಹೊತ್ತು ಗದ್ದಲ ಮಾಡಿ, ಕೇಳಿಸದ್ದರಿಂದ, ಒಬ್ಬೊಬ್ಬರಾಗಿ ಮುಂದೆ ಬಂದು ಕೂತರು. ಜನರನ್ನು ಹತ್ತಿರ ಕರೆಯಲು ಹೀಗೂ ಒಂದು ದಾರಿಯಿದೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ಕೊನೆಯ ವಾಕ್ಯಕ್ಕೆ ಬಂದಾಗ ದನಿ ತಾನಾಗಿ ಏರಿತು, ಪ, ದ, ನಿ, ಮತ್ತು ನೋವಿಲ್ಲದೆ, ಹೊಸ್ತಿಲು ದಾಟಿದಷ್ಟು ಸುಲಭವಾಗಿ, ಮೇಲಿನ ಸಾ ಮುಟ್ಟಿತು. ಮುಟ್ಟಿದ್ದೇ ಇಳಿದುಬಿಟ್ಟೆ.

“ಯಾಕ, ಇನ್ನಷ್ಟು ನಿಲ್ಲಬೇಕಿತ್ತು,” ಎಂದ ಕಾಕಾ ಆಮೇಲೆ.

“ಐತಿ ಅಂತ ಗೊತ್ತಾತಲ್ಲ, ಸಾಕು,” ಎಂದೆ. ದನಿ ಬಂದ ಮೇಲೆ ಅವನಿಗೆ ಬಾಯಿಂದ ಹೇಳಿದ ಮೊದಲ ಮಾತು ಅದು. ನನ್ನ ಇತಿಹಾಸದಲ್ಲಿ ಅತಿ ಚಿಕ್ಕದು.

ಈಗ ಬೆಳಗಾವಿಯಲ್ಲಿ ವಕೀಲಿ ಓದುತ್ತಿದ್ದೇನೆ. ಎದುರಾಳಿ ದನಿ ಏರಿಸಿದಾಗ ಅವನ ಮಾತು ಸಾಯುವ ತನಕ ಕಾಯುತ್ತೇನೆ. ಅದರ ಹೊಟ್ಟೆಯಲ್ಲಿ ಅವನು ನುಡಿಸದ ಇನ್ನೊಂದು ದನಿ ಇದ್ದರೂ ಇರಬಹುದು. ಬಹಳಷ್ಟು ಸಲ ಇರುವುದಿಲ್ಲ, ಬರೀ ಜುಂಯ್. ಆದರೂ ಕಾಯುತ್ತೇನೆ. ರಜೆಗೆ ಊರಿಗೆ ಹೋದಾಗ ಕಾಕಾ ಗಿಟಾರು ಕೊಟ್ಟು ಕೂರಿಸುತ್ತಾನೆ, ನಾನು ಒಂದೇ ತಂತಿಯ ಮೇಲೆ ಹತ್ತಿ ಇಳಿಯುತ್ತೇನೆ. ಗೋಡೆಯಾಚೆಯಿಂದ ಅಕ್ಕಾತಾಯಿ, “ಅಷ್ಟು ಹತ್ತಿ ಇಳದು ಎಲ್ಲಿಗೆ ಹೋದಿಯವಾ?” ಎನ್ನುತ್ತಾಳೆ. ಉತ್ತರ ನನ್ನ ಹತ್ತಿರ ಇದೆ. ಕಣ್ಣು ಮುಚ್ಚಿಕೊಂಡು ಸಾ ಮೀಟುತ್ತೇನೆ.