ಬೆಳಕು ತಗ್ಗಿಸಿಕೊಡುವ ರೂಪಾಲಿ

ನಿಪ್ಪಾಣಿಯ ಹಳೆ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಇನ್ನೂ ಪೂರ್ತಿ ಬೆಳಗಾಗಿಲ್ಲ. ಚಹಾ ಗಾಡಿಯವನು ಸ್ಟೋವ್‌ಗೆ ಗಾಳಿ ಹೊಡೆಯುತ್ತಿದ್ದಾನೆ. ಪಕ್ಕದ ಮೊಬೈಲ್ ರಿಪೇರಿ ಅಂಗಡಿಯ ಶಟರ್ ಅರ್ಧ ಮಾತ್ರ ಮೇಲೆದ್ದಿದೆ, ಬಗ್ಗಿಯೇ ಒಳಗೆ ಹೋಗಬೇಕು. ಒಳಗೆ ಟ್ಯೂಬ್‌ಲೈಟ್ ಹಚ್ಚಿಲ್ಲ. ಸ್ಟೂಲಿನ ಮೇಲೆ ಕುಳಿತಿರುವ ಧನಪಾಲ ಹಣೆಗೆ ಟವೆಲ್ ಬಿಗಿದುಕೊಂಡು ಕಣ್ಣು ಮುಚ್ಚಿದ್ದಾರೆ. ಚಿಕ್ಕೋಡಿಯ ಹೈಸ್ಕೂಲೊಂದರಲ್ಲಿ ಅವರು ಗುಮಾಸ್ತರು. ಅರೆದಲೆನೋವು ಬಂದರೆ ಎರಡು ದಿನ ಬಿಡುವುದಿಲ್ಲ, ಅಂಥ ಹೊತ್ತಿನಲ್ಲಿ ಫೋನಿನ ಬೆಳಕು ಕಣ್ಣಿಗೆ ಸೂಜಿ ಹೊಕ್ಕಂತಾಗುತ್ತದೆ ಎನ್ನುತ್ತಾರೆ.

ಅವರ ಫೋನು ಈಗ ರೂಪಾಲಿಯ ಕೈಯಲ್ಲಿದೆ.

"ಕಣ್ಣ ತಗೀರಿ ಸರ್. ಚುಚ್ಚತೈತೇನು?"

"ಇನ್ನಾ ಸ್ವಲ್ಪ್ ಐತ್ರಿ ಅಕ್ಕಾರ."

ಆಕೆ ಬೆರಳಾಡಿಸುತ್ತಾರೆ. "ಈಗ?"

ಧನಪಾಲ ಒಂದು ಕಣ್ಣು ತೆರೆದು, ಆಮೇಲೆ ಇನ್ನೊಂದನ್ನೂ ತೆರೆದು ಪರದೆಯನ್ನು ನೋಡುತ್ತಾರೆ. "ಅಕ್ಷರ ಕಾಣಾಕತ್ತಾವ. ನೋವಿಲ್ಲ."

"ಹಂಗಾರ ಮತ್ತ ಕಣ್ಣ ಮುಚ್ಚರಿ. ಮುಚ್ಚಕೊಂಡ ಫೋನ್ ಜೋರಾಗಿ ಅಲಗಾಡಸ್ರಿ."

ಅಲುಗಾಡಿಸಿದಾಗ ಪರದೆ ಮೊದಲಿನಂತೆ ಬೆಳಗುತ್ತದೆ. ಧನಪಾಲ ಮುಖ ತಿರುಗಿಸಿಕೊಳ್ಳುತ್ತಾರೆ. ರೂಪಾಲಿ ಅದನ್ನು ಮತ್ತೆ ಮಂದ ಮಾಡಿ ಅವರ ಕೈಗಿಡುತ್ತಾರೆ. "ವಾಪಸ್ ಬರೂ ದಾರಿ ನಿಮಗ ಗೊತ್ತಾತು. ಇನ್ನ ನೀವ್ ಹೋಗಬಹುದ್ರಿ."

ಸ್ಮಾರ್ಟ್‌ಫೋನಿನ ಬೆಳಕು ಹೆಚ್ಚು ಕಡಿಮೆ ಮಾಡುವ ಪಟ್ಟಿ ಎಲ್ಲರಿಗೂ ಗೊತ್ತು. ಅದನ್ನು ಎಡಕ್ಕೆ ಎಳೆಯುತ್ತಾ ಹೋದರೆ ಒಂದು ಕಡೆ ನಿಲ್ಲುತ್ತದೆ, ಕಂಪನಿಯವರು ಇಟ್ಟ ಕೊನೆ ಅದು. ಬಹುಪಾಲು ಜನರಿಗೆ ಅಷ್ಟು ಸಾಕು. ಅದು ಸಾಕಾಗದವರು ರೂಪಾಲಿಯ ಬಳಿ ಬರುತ್ತಾರೆ. ಅಥಣಿಯಿಂದ, ರಾಯಬಾಗದಿಂದ, ಕಾಗವಾಡದಿಂದಲೂ ಬರುತ್ತಾರೆ. ಬೆಳಕೇ ನೋವಾಗಿರುವ ಇವರಿಗೆ ಬಿಸಿಲೇರಿದ ಮೇಲೆ ಹೊರಗೆ ತಿರುಗುವುದು ಕಷ್ಟ. ಅದಕ್ಕೆಂದೇ ಅಂಗಡಿಯ ಶಟರ್ ಸೂರ್ಯನಿಗಿಂತ ಮೊದಲು ಅರ್ಧ ಏಳುತ್ತದೆ. ಪೂರ್ತಿ ಏಳುವುದು ಒಂಬತ್ತಕ್ಕೆ. ಆಮೇಲೆ ಒಡೆದ ಗಾಜು, ಉಬ್ಬಿದ ಬ್ಯಾಟರಿ, ನೀರಿಗೆ ಬಿದ್ದ ಫೋನುಗಳ ಎಂದಿನ ಕೆಲಸ. ದಿನಕ್ಕೆ ಹತ್ತು ಹನ್ನೆರಡು ಫೋನು ಬಂದರೆ ಅದರಲ್ಲಿ ಬೆಳಕಿನವು ಒಂದೋ ಎರಡೋ.

ಮೂವತ್ತನಾಲ್ಕರ ರೂಪಾಲಿಯ ತವರು ಮಂಗಸೂಳಿ. ಬಿ.ಎ. ಎರಡನೇ ವರ್ಷದಲ್ಲಿದ್ದಾಗ ನಿಪ್ಪಾಣಿಯ ದುಂಡೇಶನ ಜೊತೆ ಮದುವೆಯಾಯಿತು, ಓದು ಅಲ್ಲಿಗೇ ನಿಂತಿತು. ಅಂಗಡಿ ಗಂಡನದು. ೨೦೧೧ರಲ್ಲಿ ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದು ದುಂಡೇಶನ ಬಲಗೈ ಮುರಿಯಿತು. ಮೂಳೆ ಕೂಡಿತು, ಬೆರಳುಗಳಿಗೆ ಹಿಡಿತ ಮಾತ್ರ ಮರಳಲಿಲ್ಲ. ಸಾಸಿವೆ ಕಾಳಿನಷ್ಟು ಸಣ್ಣ ಸ್ಕ್ರೂ ಹಿಡಿಯುವ ಕೆಲಸಕ್ಕೆ ಆ ಕೈ ಒಗ್ಗುವಂತಿರಲಿಲ್ಲ. ಗಂಡ ಪಕ್ಕದಲ್ಲಿ ಕುಳಿತು ಹೇಳುತ್ತಾ ಹೋದ, ಹೆಂಡತಿ ಬಿಚ್ಚುತ್ತಾ ಹೋದಳು.

"ಶುರುವಿಗೆ ಮಂದಿ ನನ್ನ ಕೈಯಾಗ ಫೋನ್ ಕೊಡ್ತಿರಲಿಲ್ರಿ. 'ಮಾಲಕರು ಎಲ್ಲಿ ಹೋಗ್ಯಾರ' ಅಂತ ಕೇಳವ್ರು. ಇವ್ರು ಇಸ್ಕೊಂಡ ಟೇಬಲ್ ಕೆಳಗಿಂದ ನನಗ ಕೊಡ್ತಿದ್ರು" ಎಂದು ರೂಪಾಲಿ ನಗುತ್ತಾರೆ. ಈಗ ದುಂಡೇಶ ಕೌಂಟರಿನಲ್ಲಿ ರೀಚಾರ್ಜ್, ಸಿಮ್ ನೋಡಿಕೊಳ್ಳುತ್ತಾರೆ. ಮಾಲಕರು ಎಲ್ಲಿ ಎಂದು ಯಾರಾದರೂ ಕೇಳಿದರೆ ಹೆಂಡತಿಯ ಕಡೆ ಕೈ ತೋರಿಸುತ್ತಾರೆ.

ಬೆಳಕಿನ ಕೆಲಸ ಶುರುವಾದದ್ದು ೨೦೧೭ರ ಬೇಸಿಗೆಯಲ್ಲಿ. ಬೀಡಿ ಕಟ್ಟುವ ಅಕ್ಕುತಾಯಿ ಎಂಬ ಹೆಂಗಸು ಸೊಸೆಯ ಫೋನು ಹಿಡಿದುಕೊಂಡು ಬಂದು, ಇದರ ಬೆಳಕು ಇಳಿಸಿಕೊಡು ಎಂದರು. ರೂಪಾಲಿ ನೋಡಿದರೆ ಅದು ಆಗಲೇ ಕೊನೆಯ ಮಟ್ಟದಲ್ಲಿತ್ತು. ಇದಕ್ಕಿಂತ ಕಡಿಮೆ ಆಗುವುದಿಲ್ಲ ಎಂದು ಫೋನು ಹಿಂದಕ್ಕೆ ಕೊಟ್ಟರು. ಅಕ್ಕುತಾಯಿ ಹೋಗಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

"ಯಾಕ ಮಾವಶಿ, ಏನಾತು?" ಎಂದು ರೂಪಾಲಿ ಹೊರಗೆ ಬಂದು ಕೇಳಿದರು.

"ನನ್ನ ಮಗಾ ಸೊಸಿ ಮಾತಾಡಿ ಒಂದೂವರಿ ತಿಂಗಳಾತ ಯವ್ವಾ" ಎಂದರು ಅಕ್ಕುತಾಯಿ. "ಈ ಫೋನ್ ಬಿಟ್ರ ಅವಕ್ಕ ಬ್ಯಾರೆ ಬಾಯಿ ಇಲ್ಲ."

ಮಗ ಸುರಜ, ಸೊಸೆ ಸಪನಾ ಇಬ್ಬರಿಗೂ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತೂ ಇಲ್ಲ. ಸುರಜನಿಗೆ ಪುಣೆ ಬಳಿಯ ಕಾರ್ಖಾನೆಯೊಂದರಲ್ಲಿ ಕೆಲಸ. ದಿನವೂ ಸಂಜೆ ವಿಡಿಯೊ ಕರೆ ಹಚ್ಚಿ ಇಬ್ಬರೂ ಕೈಸನ್ನೆಯಲ್ಲಿ ಮಾತಾಡುತ್ತಿದ್ದರು. ಆ ವರ್ಷ ಸಪನಾಳ ಕಣ್ಣೊಳಗೆ ಉರಿಯೂತವಾಯಿತು. ಮೀರಜದ ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ವಾಸಿಯಾಗುತ್ತದೆ, ಆದರೆ ತಿಂಗಳುಗಟ್ಟಲೆ ಔಷಧ ಹಾಕಬೇಕು, ಅಲ್ಲಿಯವರೆಗೆ ಬೆಳಕು ತಾಗಿದರೆ ನೋವಾಗುತ್ತದೆ ಎಂದಿದ್ದರು. ಸಪನಾ ಕಿಟಕಿಗೆ ಚಾದರ ಕಟ್ಟಿದ ಕೋಣೆಯಲ್ಲಿ ಕುಳಿತಳು. ಫೋನು ನೋಡಲಾಗಲಿಲ್ಲ.

ಸುರಜ ನಾಲ್ಕು ದಿನ ರಜೆ ಹಾಕಿ ಬಂದ. ಕತ್ತಲಲ್ಲಿ ಕೈ ಕಾಣುವುದಿಲ್ಲವೆಂದು ಹೆಂಡತಿಯ ಅಂಗೈಯೊಳಗೆ ಸನ್ನೆ ಮಾಡಿ ಮಾತಾಡಿಸಿದ. ರಜೆ ಮುಗಿಯಿತು, ಹೋದ. ಆಮೇಲೆ ಅವನು ಬರೆದು ಕಳಿಸುತ್ತಿದ್ದ ಸಂದೇಶಗಳನ್ನು ಓದಲು ಅಕ್ಕುತಾಯಿಗೆ ಅಕ್ಷರ ಬಾರದು. ಓಣಿಯವರಿಂದ ಓದಿಸಿ, ಅರ್ಧಂಬರ್ಧ ಸನ್ನೆಯಲ್ಲಿ ಸೊಸೆಗೆ ದಾಟಿಸುತ್ತಿದ್ದರು. ಗಂಡ ಹೆಂಡತಿಗೆ ಬರೆದ ಮಾತನ್ನು ಓಣಿಯವರು ಓದಿ ನಗುವುದನ್ನು ಸಪನಾ ಒಮ್ಮೆ ಬಾಗಿಲ ಸಂದಿಯಿಂದ ಕಂಡಳು. ಅಂದಿನಿಂದ ಫೋನು ಮನೆಯಿಂದಾಚೆ ಒಯ್ಯಗೊಡಲಿಲ್ಲ. ಇತ್ತ ರಾಯಬಾಗದಿಂದ ಬಂದ ಅವಳ ತಾಯಿ, ಕಣ್ಣೂ ಹೋದರೆ ನನ್ನ ಮಗಳನ್ನು ಇಲ್ಲಿ ಯಾರು ನೋಡುತ್ತಾರೆ, ಕರೆದುಕೊಂಡು ಹೋಗುತ್ತೇನೆ ಎಂದು ಗಂಟು ಕಟ್ಟಿಸಿದ್ದಳು. ಅವತ್ತು ಸೊಸೆ ಮಲಗಿದ್ದಾಗ ಅಕ್ಕುತಾಯಿ ಫೋನು ಎತ್ತಿಕೊಂಡು ಬಂದಿದ್ದರು.

ರೂಪಾಲಿ ಮೊದಲು ಒಂದು ಆ್ಯಪ್ ಹಾಕಿಕೊಟ್ಟರು. ಪರದೆಯ ಮೇಲೆ ಕಪ್ಪು ಛಾಯೆ ಹರಡಿ, ಕೊನೆಯ ಮಟ್ಟಕ್ಕಿಂತಲೂ ಮಂದ ಮಾಡುವಂಥದ್ದು. ಮರುದಿನವೇ ಅಕ್ಕುತಾಯಿ ಹಿಂದಿರುಗಿದರು. ಅಗ್ಗದ ಫೋನು, ಮೆಮೊರಿ ಸಾಲದೆ ನಡುನಡುವೆ ಆ್ಯಪನ್ನು ತಾನೇ ಮುಚ್ಚಿಬಿಡುತ್ತಿತ್ತು. ಮುಚ್ಚಿದ ಕೂಡಲೇ ಬಿಳಿ ಬೆಳಕು ಫಕ್ಕನೆ ಕಣ್ಣಿಗೆ ಬಡಿಯುತ್ತಿತ್ತು. ಸಪನಾ ಫೋನನ್ನು ದಿಂಬಿನ ಕೆಳಗೆ ನೂಕಿ ಅತ್ತಿದ್ದಳು.

"ಆವತ್ತ ನನಗ ಭಾಳ ಕೆಟ್ಟ ಅನಿಸ್ತರಿ" ಎನ್ನುತ್ತಾರೆ ರೂಪಾಲಿ. "ಛಲೋ ಮಾಡಾಕ ಹೋಗಿ ನೋವ ಕೊಟ್ಟಂಗಾತು. ತನ್ನಷ್ಟಕ್ಕ ತಾನ ಬಂದ್ ಆಗಲಾರದ್ದು ಏನರ ಬೇಕಾಗಿತ್ತು."

ಅದು ಸಿಕ್ಕಿದ್ದು ಹೆದ್ದಾರಿ ಬದಿಯ ಕಾರ್ ಡೆಕೊರೇಷನ್ ಅಂಗಡಿಯಲ್ಲಿ. ಕಾರಿನ ಗಾಜಿಗೆ ಕಪ್ಪು ಫಿಲ್ಮ್ ಹಚ್ಚಬಾರದೆಂದು ೨೦೧೨ರಲ್ಲಿ ನ್ಯಾಯಾಲಯದ ಆದೇಶವಾದ ಮೇಲೆ ಅಲ್ಲಿ ಫಿಲ್ಮಿನ ಸುರುಳಿಗಳು ಮೂಲೆಯಲ್ಲಿ ಧೂಳು ತಿನ್ನುತ್ತಿದ್ದವು. ಅಂಗಡಿಯ ಸಂಭಾಜಿ ಬೇಕಾದಷ್ಟು ಒಯ್ಯಿರಿ ಎಂದರು. ರೂಪಾಲಿ ಮೊದಲು ತಂದದ್ದು ಕನ್ನಡಿಯಂತೆ ಹೊಳೆಯುವ ಫಿಲ್ಮ್. ಅಂಟಿಸಿದರೆ ಪರದೆಗೆ ಬೆರಳಿನ ಸ್ಪರ್ಶವೇ ತಿಳಿಯಲಿಲ್ಲ. ಅದರಲ್ಲಿ ಲೋಹದ ತೆಳು ಲೇಪವಿರುತ್ತದೆ ಎಂದು ದುಂಡೇಶ ಊಹಿಸಿದರು. ಬರೀ ಬಣ್ಣದ, ತೆಳ್ಳನೆಯ ಫಿಲ್ಮ್ ತಂದಾಗ ಬೆರಳು ಓಡಿತು. ಒಂದರ ಮೇಲೊಂದು ಎರಡು ಪದರ ಕೂರಿಸಿದರು. ಕ್ಯಾಮೆರಾ ಇರುವಲ್ಲಿ ಬ್ಲೇಡಿನಿಂದ ಸಣ್ಣ ಕಿಂಡಿ ಕೊಯ್ದರು. ಮಧ್ಯಾಹ್ನ ಅಕ್ಕುತಾಯಿಯ ಜೊತೆ ಅವರ ಮನೆಗೆ ಹೋದರು.

ಕರೆ ಹಚ್ಚಿದರು. ಪರದೆಯಲ್ಲಿ ಸುರಜ ಮೂಡಿದ. ಸಪನಾ ಕಣ್ಣು ಕಿರಿದು ಮಾಡಿ ನೋಡಿದಳು, ಮುಖ ತಿರುಗಿಸಲಿಲ್ಲ. ಆಚೆ ಕಡೆ ಸುರಜ ಮಾತ್ರ ಗಾಬರಿಯಾಗಿದ್ದ. ಅವನಿಗೆ ಕಂಡದ್ದು ಬರೀ ಕತ್ತಲೆ.

"ಅದು ನಮಗ ತಲಿಗೇ ಹೊಳದಿರಲಿಲ್ರಿ" ಎನ್ನುತ್ತಾರೆ ರೂಪಾಲಿ. "ಇಕಿಗೆ ಅಂವ ಕಂಡ್ರ ಸಾಲಂಗಿಲ್ಲ. ಇಕಿ ಕೈ ಅವಗ ಕಾಣಬೇಕಲ್ಲ. ಕತ್ತಲಿ ಕ್ವಾಣ್ಯಾಗ ಹ್ಯಾಂಗ ಕಾಣತೈತಿ?"

ಮೂವರು ಹೆಂಗಸರೂ ಸೇರಿ ದಾರಿ ಹುಡುಕಿದರು. ಸಪನಾಳನ್ನು ಬಾಗಿಲಿಗೆ ಬೆನ್ನು ಮಾಡಿ ಕೂರಿಸಿದರು. ಸೆರಗನ್ನು ಹಣೆಯಿಂದ ಮುಂದಕ್ಕೆ ಎಳೆದು ಕಣ್ಣಿಗೆ ನೆರಳು ಮಾಡಿದರು. ಅಕ್ಕುತಾಯಿ ಬಾಗಿಲನ್ನು ಒಂದು ಗೇಣು ತೆರೆದರು. ಸೊಸೆಯ ಭುಜದ ಮೇಲಿಂದ ಬಂದ ಹಗಲು ಅವಳ ಎರಡು ಕೈಗಳ ಮೇಲೆ ಬಿತ್ತು. ಮುಖ ಕತ್ತಲಲ್ಲೇ ಉಳಿಯಿತು. ರೂಪಾಲಿ ಎದುರಿಗೆ ಫೋನು ಹಿಡಿದು ನಿಂತರು.

ಆ ಕೈಗಳು ಮಾತಾಡಲು ಶುರುಮಾಡಿದವು. ಆಚೆಯಿಂದ ಸುರಜನ ಕೈಗಳು ಉತ್ತರ ಕೊಟ್ಟವು. ಏನು ಮಾತಾಡಿದರೆಂದು ರೂಪಾಲಿಗೆ ಗೊತ್ತಿಲ್ಲ. ತನ್ನ ಕೈ ಸೋತಾಗ ಅಕ್ಕುತಾಯಿ ಬಂದು ಫೋನು ಹಿಡಿದರು, ಅವರ ಕೈ ಸೋತಾಗ ಮತ್ತೆ ತಾನು ಹಿಡಿದೆ, ಅಷ್ಟು ಹೊತ್ತು ನಡೆಯಿತು ಎನ್ನುತ್ತಾರೆ. ಕೋಣೆಯ ಮೂಲೆಯಲ್ಲಿ ಕುಳಿತಿದ್ದ ಸಪನಾಳ ತಾಯಿ ಎಲ್ಲವನ್ನೂ ನೋಡುತ್ತಿದ್ದಳು. ಮಾರನೆ ದಿನ ಆಕೆ ರಾಯಬಾಗದ ಬಸ್ಸು ಹತ್ತಿದಳು, ಒಬ್ಬಳೇ.

ಸುದ್ದಿ ಬಾಯಿಂದ ಬಾಯಿಗೆ ಹರಡಿತು. ಕಣ್ಣಿನ ಆಪರೇಷನ್ ಆದವರು ಬಂದರು, ಅರೆದಲೆನೋವಿನವರು ಬಂದರು. ಅಥಣಿಯ ಬಾಣಂತಿಯೊಬ್ಬಳು, ಫೋನು ತೆರೆದರೆ ಕೂಸು ಎಚ್ಚರಾಗುತ್ತದೆ ಎಂದು ತಮ್ಮನ ಕೈಯಲ್ಲಿ ಕಳಿಸಿದಳು. ಒಳ್ಳೆಯ ಫೋನಾದರೆ ಆ್ಯಪ್, ಅಗ್ಗದ್ದಾದರೆ ಫಿಲ್ಮ್. ಕಣ್ಣು ನೋವೆಂದು ಬಂದವರನ್ನು ಮಾತ್ರ ಮೊದಲು ಡಾಕ್ಟರ ಬಳಿಗೇ ಕಳಿಸುತ್ತಾರೆ. "ನಾ ಬೆಳಕ ಇಳಸ್ತೀನಿ, ರೋಗ ಇಳಸಾಕ ನನಗ ಬರಂಗಿಲ್ರಿ."

ಎಲ್ಲವೂ ಸರಿಯಾಗಿ ನಡೆಯಿತೆಂದಲ್ಲ. ಕಾಗವಾಡದ ಕಡೆಯ ಲಗಮಣ್ಣ ಕಬ್ಬಿನ ಟ್ರ್ಯಾಕ್ಟರ್ ಓಡಿಸುವವರು. ಕಣ್ಣಿನ ಚಿಕಿತ್ಸೆಯ ದಿನಗಳಲ್ಲಿ ರೂಪಾಲಿಯಿಂದ ಆ್ಯಪ್ ಹಾಕಿಸಿಕೊಂಡು ಹೋದರು. ಮರುದಿನ ಹೊಲದ ಬಿಸಿಲಿನಲ್ಲಿ ಪರದೆ ಪೂರ್ತಿ ಕಪ್ಪಾಗಿ ಕಂಡಿತು. ಕರೆ ಬರುತ್ತಿದೆ, ಎಲ್ಲಿ ಒತ್ತಬೇಕೆಂದು ಕಾಣುತ್ತಿಲ್ಲ. ಮನೆಯಲ್ಲಿ ಅವರ ತಂದೆ ಎದೆನೋವಿನಿಂದ ಕುಸಿದಿದ್ದರು. ನೆರೆಯವರು ಗಾಡಿ ಮಾಡಿ ಆಸ್ಪತ್ರೆಗೆ ಒಯ್ದಿದ್ದರಿಂದ ಮುದುಕ ಉಳಿದರು. ವಾರದ ಮೇಲೆ ಲಗಮಣ್ಣ ಅಂಗಡಿಗೆ ಬಂದು ಫೋನನ್ನು ಕೌಂಟರಿನ ಮೇಲೆ ಕುಕ್ಕಿದರು.

"ಕತ್ತಲಿ ಮಾಡಿಕೊಟ್ಟೀರಿ, ಬೆಳಕ ಮಾಡೂದ ಯಾರ ಹೇಳಬೇಕ್ರಿ?"

ರೂಪಾಲಿ ಮೊದಲು ಆ ಆ್ಯಪನ್ನು ತೆಗೆದುಹಾಕಿದರು. ಆ ದಿನದಿಂದ ಫೋನು ಅಲುಗಾಡಿಸಿದರೆ ಬೆಳಕು ಮರಳುವಂಥ ಆ್ಯಪನ್ನೇ ಹಾಕುತ್ತಾರೆ. ಗಿರಾಕಿ ಕಣ್ಣು ಮುಚ್ಚಿಕೊಂಡು ಬೆಳಕು ವಾಪಸ್ ತಂದು ತೋರಿಸುವ ತನಕ ಫೋನು ಒಯ್ಯಗೊಡುವುದಿಲ್ಲ. ಲಗಮಣ್ಣ ಈಗಲೂ ಇದೇ ಅಂಗಡಿಯ ಗಿರಾಕಿ. ಬೆಳಕಿನ ಕೆಲಸಕ್ಕಲ್ಲ, ಚಾರ್ಜರಿಗೆ.

ಸಪನಾಳ ಕಣ್ಣು ನಿಧಾನಕ್ಕೆ ಸುಧಾರಿಸಿತು. ಮಳೆಗಾಲದಲ್ಲಿ ರೂಪಾಲಿ ಒಂದು ಪದರ ಕಿತ್ತರು, ದೀಪಾವಳಿ ಹೊತ್ತಿಗೆ ಇನ್ನೊಂದನ್ನು. ಎಡಗಣ್ಣಿನ ದೃಷ್ಟಿ ಸ್ವಲ್ಪ ಕಡಿಮೆಯಾಗಿದ್ದು ಹಾಗೇ ಉಳಿದಿದೆ. ಈಗ ಆಕೆ ಗಂಡನೊಂದಿಗೆ ಪುಣೆಯಲ್ಲಿದ್ದಾಳೆ, ಹೊಲಿಗೆ ಮಾಡುತ್ತಾಳೆ. ವಿಡಿಯೊ ಕರೆ ಈಗ ಅತ್ತೆಗೆ. ಅಕ್ಕುತಾಯಿ ಸನ್ನೆಯನ್ನು ಮೊದಲಿಗಿಂತ ಚೆನ್ನಾಗಿ ಕಲಿತಿದ್ದಾರಂತೆ.

ಆಸೆ ಏನು ಎಂದು ಕೇಳಿದರೆ ರೂಪಾಲಿ ಬಿಚ್ಚಿದ ಫೋನಿನಿಂದ ತಲೆಯೆತ್ತುತ್ತಾರೆ. "ಕಂಪನಿಯವ್ರ ಇದನ್ನ ಎಲ್ಲಾ ಫೋನಿನೊಳಗ ಇಟ್ಟ ಬಿಟ್ರ ಛಲೋ ಆಗತೈತ್ರಿ. ನೋವಿದ್ದವ್ರ ಬಸ್ ಹತ್ತಿ ಇಲ್ಲೀತನಾ ಯಾಕ ಬರಬೇಕು?" ಹಾಗಾದರೆ ನಿಮ್ಮ ಕೆಲಸ ಹೋಗುವುದಿಲ್ಲವೇ ಎಂದರೆ, "ಒಡದ ಗಾಜ ಅದಾವಲ್ರಿ, ಅವು ಮುಗಿಯೂವಲ್ಲ" ಎನ್ನುತ್ತಾರೆ.

ಕಳೆದ ಯುಗಾದಿಗೆ ಸಪನಾ, ಸುರಜ ಅಂಗಡಿಗೆ ಬಂದಿದ್ದರು. ಸುರಜನ ಜೊತೆ ಅವನಂತೆಯೇ ಕಿವಿ ಕೇಳದ ಗೆಳೆಯರೊಬ್ಬರು ಇದ್ದರು. ಅವರಿಗೆ ರೂಪಾಲಿಯನ್ನು ತೋರಿಸಿ ಸಪನಾ ಒಂದು ಸನ್ನೆ ಮಾಡಿದಳು. ಗೆಳೆಯ ಗೊತ್ತಾಯಿತು ಎಂಬಂತೆ ಕೈ ಮುಗಿದರು. ಅದೇನೆಂದು ರೂಪಾಲಿ ಆಮೇಲೆ ಅಕ್ಕುತಾಯಿಯನ್ನು ಕೇಳಿದರು. ಕಿವಿ ಕೇಳದವರು ತಮ್ಮವರಿಗೆಲ್ಲ ಸನ್ನೆಯಲ್ಲೇ ಒಂದು ಹೆಸರಿಡುತ್ತಾರೆ, ಇದು ನಿನ್ನದು ಎಂದರಂತೆ ಅವರು.

ನಮಗೂ ತೋರಿಸಿ ಎಂದಾಗ ರೂಪಾಲಿ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಡುತ್ತಾರೆ. ಅಂಗೈಯನ್ನು ಹಣೆಯ ಮುಂದೆ ಹಿಡಿದು, ಮಲಗಿದ ಮಗುವಿನ ಮೇಲೆ ಚಾದರ ಎಳೆಯುವಂತೆ, ಕಣ್ಣುಗಳ ಮುಂದೆ ಮೆಲ್ಲಗೆ ಕೆಳಗೆ ಇಳಿಸುತ್ತಾರೆ.

"ಪುಣೆದಾಗ ಯಾರರ ಹಿಂಗ ಮಾಡಿದ್ರ," ಎನ್ನುತ್ತಾರೆ, "ಅದು ನಾನ ರಿ."