ಗೋಡೆಯತ್ತ ತಿರುಗಿದ ಹಾವು

ಪ್ರಾಣಿಗಳಿಗೆ ನಮಗೆ ಕಾಣದ್ದು ಕಾಣುತ್ತದೆ ಎಂದು ಯಾರಾದರೂ ಹೇಳಿದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಹಾವು ಸಾಕುವವನು ನಾನು. ಹಸಿವು, ಬಿಸಿ, ವಾಸನೆ ಬಿಟ್ಟು ಅವಕ್ಕೆ ಬೇರೇನೂ ತಿಳಿಯದು ಎಂಬುದು ನನ್ನ ನಂಬಿಕೆ. ಆ ಒಂದು ಶನಿವಾರವನ್ನು ಬಿಟ್ಟರೆ ಈಗಲೂ ಹಾಗೇ ನಂಬುತ್ತೇನೆ.

ಬ್ಯಾಂಕುಗಳು ಮುಳುಗುತ್ತಿದ್ದ ಕಾಲ. ನಾವು ಅಮೆರಿಕದ ನ್ಯೂಜೆರ್ಸಿಯ ಮಾನ್ಮತ್ ಜಂಕ್ಷನ್ನಿನಲ್ಲಿದ್ದೆವು. ಬೇಸ್‌ಮೆಂಟಿನಲ್ಲಿ ನಾನು ಸಾಕಿದ್ದ ಹಾವುಗಳಲ್ಲಿ ಒಂದು ಮೆಕ್ಸಿಕನ್ ಪೈನ್ ಹಾವು. ಮೆಕ್ಸಿಕೋದ ಡುರಾಂಗೊ ಬೆಟ್ಟಗಳ ತಳಿ, ವಿಷವಿಲ್ಲದ್ದು, ಹಳದಿ ಮೈಮೇಲೆ ಕಪ್ಪು ಮಚ್ಚೆಗಳ ಗಂಡು. ಅದಕ್ಕೆ ಅದೇ ಬೆಟ್ಟಗಳ ಹೆಣ್ಣೇ ಬೇಕಿತ್ತು. ಬೇರೆ ಸೀಮೆಯದನ್ನು ಕೂಡಿಸಿದರೆ ತಳಿ ಬೆರೆತುಹೋಗುತ್ತದೆ. ಗಂಡಿಗೋ ವಯಸ್ಸಾಗುತ್ತಿತ್ತು. ಆಫೀಸಿನಲ್ಲಿ ಲೇಆಫ್ ಮಾತು ನಡೆದಿದ್ದರೂ ನಾನು ಪ್ರತಿ ವೀಕೆಂಡ್ ಕಾರು ಹತ್ತಿ ಹುಡುಕುತ್ತಿದ್ದೆ. ಸಿಕ್ಕಿದ್ದೆಲ್ಲ ಬೇರೆ ಸೀಮೆಯವು, ಇಲ್ಲವೇ ಎಲ್ಲಿಯವೆಂದು ಮಾರುವವರಿಗೇ ಗೊತ್ತಿಲ್ಲದವು. ಆದರೂ ಬಿಡುವ ಮನಸ್ಸಿರಲಿಲ್ಲ.

ಹೀಗಿರುವಾಗ ಗಂಡುಹಾವು ಊಟ ಬಿಟ್ಟು, ಹಿತ್ತಲ ಕಡೆಯ ಗೋಡೆಯತ್ತ ಮೂತಿಯೊತ್ತಿ ಕೂತಿತು. ಗಾಜಿನ ಪೆಟ್ಟಿಗೆಯನ್ನು ತಿರುಗಿಸಿಟ್ಟೆ. ಹಾವು ಹರಿದು ಬಂದು ಮತ್ತೆ ಅದೇ ಕಡೆಗೆ ಒತ್ತಿಕೊಂಡಿತು. ದೀಪ ಆರಿಸಿದೆ, ಹೀಟರಿನ ಜಾಗ ಬದಲಿಸಿದೆ. ಒಂದು ವಾರಕ್ಕೂ ಮೇಲೆ ಹೀಗೇ ನಡೆಯಿತು.

ನನ್ನ ಹೆಂಡತಿ ಸುಧಾ ಧಾರವಾಡದವಳು. ಶನಿವಾರ ಬೆಳಿಗ್ಗೆ ಮೆಟ್ಟಿಲ ಮೇಲೆ ನಿಂತೇ ಹೇಳಿದಳು: "ಅದು ಆ ಕಡೆ ಏನೋ ನೋಡ್ಲಿಕ್ಕತ್ತದ ರೀ. ಹಿಂದಿನ ಓಣಿಯಾಗ ವಿಚಾರಿಸಿ ಬರ್ರಿ."

"ಏನಂತ ವಿಚಾರಿಸಲಿ? ನಮ್ಮ ಹಾವಿಗೆ ಹೆಣ್ಣಿದೆಯಾ ಅಂತಲಾ?"

"ಇಡೀ ನ್ಯೂಜೆರ್ಸಿ ಕೇಳೀರಿ. ಇದೊಂದು ಓಣಿ ಯಾಕ ಬಿಟ್ಟೀರಿ?"

ನಾಚಿಕೆಯಾದರೂ ಹೊರಟೆ. ನಮ್ಮ ಹಿತ್ತಲಿಗೆ ನೇರವಾಗಿದ್ದ ಮನೆಯ ಗ್ಯಾರೇಜಿನಲ್ಲಿ ಒಬ್ಬ ತರುಣಿ ಪೆಟ್ಟಿಗೆಗಳ ನಡುವೆ ಕೂತಿದ್ದಳು. ಕಾಲ ಬಳಿ ಗಾಜಿನ ತೊಟ್ಟಿ. ಅದರೊಳಗಿದ್ದುದು ಹಳದಿ ಮೈ, ಕಪ್ಪು ಮಚ್ಚೆ.

ಹೆಸರು ಲಿಂಡಾ. ಕೆಲಸ ಹೋಗಿ ಜೆರ್ಸಿ ಸಿಟಿಯ ಅಪಾರ್ಟ್‌ಮೆಂಟ್ ಬಿಟ್ಟು ತಂದೆಯ ಮನೆಗೆ ಬಂದಿದ್ದಳು. ತಂದೆ ಹಾವನ್ನು ಮನೆಯೊಳಗೆ ಬಿಡುವುದಿಲ್ಲ ಎಂದಿದ್ದರಿಂದ ಅದನ್ನು ಮಧ್ಯಾಹ್ನ ಸಾಕುಪ್ರಾಣಿಗಳ ಅಂಗಡಿಗೆ ಕೊಟ್ಟುಬಿಡುವವಳಿದ್ದಳು. ಹೆಣ್ಣು, ಡುರಾಂಗೊ ತಳಿ ಎಂದಳು. ಬರೀ ಮಾತು ನಂಬಿ ನಾನು ಹಾವು ತರುವವನಲ್ಲ. ಅವಳಿಗೆ ಅದನ್ನು ಮಾರಿದ್ದ ಸಾಕಣೆಗಾರನಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಅದೇ ಬೆಟ್ಟಗಳದು ಎಂದ.

"ನಮ್ಮ ಗಂಡು ವಾರದಿಂದ ಈ ಕಡೆಗೇ ತಿರುಗಿ ಕೂತಿದೆ. ನಿಮ್ಮದರ ವಾಸನೆ ಹಿಡಿದಿರಬೇಕು," ಎಂದೆ.

ಲಿಂಡಾ ನನ್ನನ್ನೇ ನೋಡಿದಳು. "ವಾರದಿಂದಲಾ? ನಾನೂ ಈ ಹಾವೂ ಇಲ್ಲಿಗೆ ಬಂದಿದ್ದೇ ನಿನ್ನೆ ಸಂಜೆ. ಬರಬೇಕು ಅಂತ ನಾನು ನಿರ್ಧರಿಸಿದ್ದೂ ಮೊನ್ನೆ."

ಆಮೇಲೆ ಅವಳೇ ತೊಟ್ಟಿಯ ಒಂದು ಬದಿ ಹಿಡಿದು, ನನ್ನೊಂದಿಗೆ ಮನೆಯವರೆಗೆ ಬಂದಳು.

ಹೆಣ್ಣನ್ನು ಒಳಗೆ ತಂದ ದಿನವೇ ಗಂಡು ಗೋಡೆ ಬಿಟ್ಟು ಸುರುಳಿ ಸುತ್ತಿ ಮಲಗಿತು. ಮುಂದಿನ ಬೇಸಿಗೆಯಲ್ಲಿ ಮೊಟ್ಟೆಯೊಡೆದು ಮರಿಗಳು ಬಂದವು. ಕಾಕತಾಳೀಯ ಎಂದು ಗೆಳೆಯರು ಹೇಳುತ್ತಾರೆ, ನಾನೂ ತಲೆಯಾಡಿಸುತ್ತೇನೆ. ಆದರೆ ಆ ವಾರ ಗೋಡೆಯಾಚೆಯ ಖಾಲಿ ಗ್ಯಾರೇಜಿನಲ್ಲಿ ಅದು ಏನನ್ನು ನೋಡುತ್ತಿತ್ತು? ನನಗೆ ಇಂದಿಗೂ ಗೊತ್ತಿಲ್ಲ.